ಲೆನ್ಸ್ ಬದಲಾಗುತ್ತದೆ, ಕಣ್ಣಿನ ಉದ್ದ ಬದಲಾಗುವುದಿಲ್ಲ



ಉಡುಪಿ ಹತ್ತಿರದ ಕಲ್ಯಾಣಪುರ, ಸಂತೆಕಟ್ಟೆ, ನೇಜಾರು, ಕೆಮ್ಮಣ್ಣು ಕಡೆಯಿಂದ ಕಣ್ಣು ತೋರಿಸಲು ಬರುವವರ ಬಾಯಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ತಾಯಿಗೆ ಅರವತ್ತು ದಾಟಿದೆ. ಶಾಲೆಗೆ ಹೋಗುವಾಗಿನಿಂದಲೂ ದಪ್ಪ ಗಾಜಿನ ಕನ್ನಡಕ. ನಂಬರ್ ಮೈನಸ್ ಹತ್ತೋ ಹನ್ನೆರಡೋ. ಪೊರೆ ಬಂತು. ಉಡುಪಿಗೋ ಮಣಿಪಾಲಕ್ಕೋ ಹೋಗಿ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡರು. ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಎದುರು ಗೋಡೆಯ ಗಡಿಯಾರದ ಮುಳ್ಳು ಕನ್ನಡಕವಿಲ್ಲದೆ ಕಂಡಿತು. ಜೀವಮಾನದಲ್ಲಿ ಮೊದಲ ಸಲ! ಅದನ್ನು ನೋಡಿದ ಮಗಳಿಗೆ ಇಪ್ಪತ್ತಾರು ವರ್ಷ. ಅವಳ ನಂಬರ್ ಮೈನಸ್ ಒಂಬತ್ತು. ಅವಳು ಕೇಳುತ್ತಾಳೆ: "ಡಾಕ್ಟ್ರೇ, ಅಮ್ಮನಿಗೆ ಹಾಕಿದ ಲೆನ್ಸ್ ನನಗೂ ಹಾಕ್ಲಿಕ್ಕೆ ಆಗ್ತದಾ?"

ಹಾಕಲು ಕೈಗೆ ಬರುತ್ತದೆ, ಯಂತ್ರಕ್ಕೆ ಬರುತ್ತದೆ. ಹಾಕಬೇಕೇ ಎಂಬುದು ಬೇರೆ ಮಾತು. ತಾಯಿಗೆ ಸರಿಯಾದದ್ದು ಮಗಳಿಗೆ ಸರಿಯಲ್ಲ. ಯಾಕೆ ಎಂದು ಅವಸರವಿಲ್ಲದೆ ಹೇಳುವುದು ಇಂದಿನ ಈ ಮಾತಿನ ಉದ್ದೇಶ.

ಮೊದಲು ಕಣ್ಣಿನ ಒಳಗೆ ಏನಾಗಿದೆ ನೋಡೋಣ. ಬೆಳೆದ ಮನುಷ್ಯನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದ. ದೂರದ್ದು ಕಾಣದವರಲ್ಲಿ ಈ ಉದ್ದ ಹೆಚ್ಚಾಗಿರುತ್ತದೆ. ಒಂದು ಮಿಲಿಮೀಟರ್ ಹೆಚ್ಚಾದರೆ ಕನ್ನಡಕದ ನಂಬರ್ ಸುಮಾರು ಎರಡೂವರೆಯಿಂದ ಮೂರರಷ್ಟು ಏರುತ್ತದೆ. ಬೆಳಕು ಹಿಂಬದಿಯ ಅಕ್ಷಿಪಟಲದ ಮೇಲೆ, ಅಂದರೆ ರೆಟಿನಾದ ಮೇಲೆ, ಬೀಳುವ ಬದಲು ಅದಕ್ಕೆ ಮುಂಚೆಯೇ ಒಂದು ಕಡೆ ಸೇರಿಬಿಡುತ್ತದೆ. ಹೀಗಾಗಿ ದೂರದ್ದು ಮಸುಕು, ಹತ್ತಿರದ್ದು ಸ್ಪಷ್ಟ. ಮೈನಸ್ ಆರು ಮತ್ತು ಅದಕ್ಕೆ ಮೇಲ್ಪಟ್ಟದ್ದನ್ನು ನಾವು ತೀವ್ರ ಸಮೀಪದೃಷ್ಟಿ ಎನ್ನುತ್ತೇವೆ.

ಬೆಳಕನ್ನು ಬಾಗಿಸುವ ಭಾಗಗಳು ಕಣ್ಣಿನಲ್ಲಿ ಎರಡು. ಹೊರಗಿನದು ಕಾರ್ನಿಯಾ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಅದಕ್ಕೂ ಮುಂಚೆ 2006ರಲ್ಲಿ ಅವರ ತಂದೆ ಡಾ. ರಾಜ್‌ಕುಮಾರ್ ತೀರಿಕೊಂಡಾಗ ನೇತ್ರದಾನವಾಯಿತಲ್ಲ, ಆಗ ಇನ್ನೊಬ್ಬರಿಗೆ ಕೂರಿಸಿದ್ದು ಈ ಕಾರ್ನಿಯಾವನ್ನು. ಅದರ ಹಿಂದೆ, ಕಣ್ಣಿನ ಕಪ್ಪು ಪಾಪೆಯ ಬೆನ್ನಿಗೆ, ಇನ್ನೊಂದು ಇದೆ: ಮಸೂರ, ಜನರ ಬಾಯಲ್ಲಿ ಲೆನ್ಸ್. ಇದನ್ನು ಯಾರೂ ದಾನ ಮಾಡುವುದಿಲ್ಲ. ಬದಲಿ ಬೇಕಾದರೆ ಅದು ಕಾರ್ಖಾನೆಯಲ್ಲಿ ತಯಾರಾದದ್ದೇ. ಲೇಸಿಕ್‌ನಂಥ ಲೇಸರ್ ಚಿಕಿತ್ಸೆ ಹೊರಗಿನ ಕಾರ್ನಿಯಾವನ್ನು ತಿದ್ದುತ್ತದೆ. ನಾನು ಇಂದು ಹೇಳುತ್ತಿರುವುದು ಒಳಗಿನ ಮಸೂರವನ್ನೇ ತೆಗೆದು ಬೇರೆಯದನ್ನು ಇಡುವ ಶಸ್ತ್ರಚಿಕಿತ್ಸೆಯ ವಿಷಯ. ಎರಡನ್ನೂ ಒಂದೇ ಎಂದು ತಿಳಿದು ಬರುವವರು ಬಹಳ.

ಈ ಯೋಚನೆ ಹೊಸದಲ್ಲ. 1890ರಲ್ಲಿ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ವೈದ್ಯ ವಿನ್ಸೆಂಟ್ಸ್ ಫುಕಾಲ ತೀವ್ರ ಸಮೀಪದೃಷ್ಟಿ ಇದ್ದವರ ಕಣ್ಣಿನಿಂದ ಪೊರೆಯಿಲ್ಲದ, ತಿಳಿಯಾದ ಮಸೂರವನ್ನೇ ತೆಗೆದು ಅದರ ಫಲವನ್ನು ಪ್ರಕಟಿಸಿದ. ಲೆಕ್ಕ ಸರಳವಾಗಿತ್ತು. ಸಾಮಾನ್ಯ ಕಣ್ಣಿನಿಂದ ಮಸೂರ ತೆಗೆದರೆ ಪ್ಲಸ್ ಹತ್ತರಷ್ಟು ದಪ್ಪ ಕನ್ನಡಕ ಬೇಕಾಗುತ್ತದೆ. ಮೈನಸ್ ಹದಿನೆಂಟು, ಇಪ್ಪತ್ತು ಇದ್ದ ಉದ್ದ ಕಣ್ಣಿನಿಂದ ತೆಗೆದರೆ ಹೆಚ್ಚು ಕಡಿಮೆ ಯಾವ ಕನ್ನಡಕವೂ ಬೇಡ. ಯುರೋಪಿನಲ್ಲಿ ಕೆಲವು ವರ್ಷ ಇದು ಬಹಳ ನಡೆಯಿತು. ಆಮೇಲೆ ಒಬ್ಬೊಬ್ಬರಾಗಿ ಅಕ್ಷಿಪಟಲ ಕಳಚಿ ಕುರುಡಾಗತೊಡಗಿದಾಗ ವೈದ್ಯರೇ ಅದನ್ನು ಕೈಬಿಟ್ಟರು. ಕನ್ನಡಕದಿಂದ ಬಿಡುಗಡೆ ಸಿಕ್ಕಿತ್ತು, ಕಣ್ಣು ಉಳಿಯಲಿಲ್ಲ. ಇಂದಿನ ಯಂತ್ರ, ಇಂದಿನ ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ಫುಕಾಲನ ಕಾಲದ ಆ ಪಾಠವನ್ನು ಮರೆಯುವ ಹಕ್ಕು ನಮಗಿಲ್ಲ ಎಂಬುದು ನನ್ನ ನಂಬಿಕೆ.

ನಮ್ಮ ಕಡೆಯ ಹಿರಿಯರಿಗೆ ಪ್ಲಸ್ ಹತ್ತರ ಕನ್ನಡಕ ನೆನಪಿರಬೇಕು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಉಚಿತ ಶಿಬಿರಗಳಲ್ಲಿ ಲಕ್ಷಗಟ್ಟಲೆ ಜನರ ಪೊರೆ ತೆಗೆದರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆ ಕಾಲದ ಶಿಬಿರಗಳಲ್ಲಿ ಕಣ್ಣಿನ ಒಳಗೆ ಲೆನ್ಸ್ ಇಡುತ್ತಿರಲಿಲ್ಲ. ಪೊರೆ ತೆಗೆದ ಮೇಲೆ ಕೊಡುತ್ತಿದ್ದ ಉಬ್ಬು ಗಾಜಿನ ಕನ್ನಡಕದಲ್ಲಿ ಎಲ್ಲವೂ ಕಾಲು ಭಾಗ ದೊಡ್ಡದಾಗಿ ಕಾಣುತ್ತಿತ್ತು. ಮೆಟ್ಟಿಲು ಎಲ್ಲಿದೆ, ನೀರಿನ ಲೋಟ ಎಲ್ಲಿದೆ ಎಂದು ಕೈಗೆ ತಪ್ಪುತ್ತಿತ್ತು. ಆದರೂ ಕುರುಡಿನಿಂದ ಹೊರಗೆ ಬಂದವರಿಗೆ ಅದು ದೊಡ್ಡ ವರವೇ.

ಒಳಗೆ ಇಡುವ ಲೆನ್ಸಿನ ಕಥೆ ಲಂಡನ್ನಿನದು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಪರ್ಸ್ಪೆಕ್ಸ್ ಪ್ಲಾಸ್ಟಿಕ್ ಕಿಟಕಿ ಒಡೆದು ಅದರ ಚೂರುಗಳು ಚಾಲಕರ ಕಣ್ಣು ಹೊಕ್ಕಿದ್ದವು. ಆ ಚೂರುಗಳನ್ನು ಕಣ್ಣು ಸುಮ್ಮನೆ ಸಹಿಸಿಕೊಂಡಿದೆ, ಕೆಂಪಾಗಿಲ್ಲ, ಕೀವಾಗಿಲ್ಲ ಎಂದು ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಜಾತಿಯ ವಸ್ತುವಿನಿಂದ ಮಾಡಿದ ಲೆನ್ಸನ್ನು ರೋಗಿಯ ಕಣ್ಣಿನಲ್ಲಿಟ್ಟರು. ಸಹವೈದ್ಯರಲ್ಲಿ ಅನೇಕರು ಅವರನ್ನು ವರ್ಷಗಟ್ಟಲೆ ಬೈದರು. 1967ರಲ್ಲಿ ನ್ಯೂಯಾರ್ಕಿನ ಕಣ್ಣಿನ ವೈದ್ಯ ಚಾರ್ಲ್ಸ್ ಕೆಲ್ಮನ್ ಮಸೂರವನ್ನು ಶ್ರವಣಾತೀತ ಕಂಪನದಿಂದ ಪುಡಿಮಾಡಿ ಹೀರುವ ವಿಧಾನ ತಂದರು. ಹಲ್ಲಿನ ವೈದ್ಯರ ಸಲಕರಣೆಯೊಂದರಿಂದ ಅವರಿಗೆ ಅದು ಹೊಳೆದದ್ದು. ನಮ್ಮ ದೇಶದಲ್ಲಿ ಲೆನ್ಸ್ ಬಡವರ ಕೈಗೆ ಎಟುಕಿದ್ದು ಮದುರೆಯ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಕಾರ್ಖಾನೆ ತೆರೆದು ಇಲ್ಲಿಯೇ ತಯಾರಿಸಲು ತೊಡಗಿದ ಮೇಲೆ.

ಈಗ ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತದೆ? ಹೆಚ್ಚಿನವರಿಗೆ ಇಂಜೆಕ್ಷನ್ ಕೂಡ ಬೇಡ. ಮರಗಟ್ಟುವ ಮದ್ದಿನ ಹನಿ ಬಿಟ್ಟರೆ ಸಾಕು. ಕಾರ್ನಿಯಾದ ಅಂಚಿನಲ್ಲಿ ಎರಡೂವರೆ ಮಿಲಿಮೀಟರಿನ ಆಸುಪಾಸಿನ ಒಂದು ಸೀಳು. ಮಸೂರದ ಸುತ್ತ ತೆಳ್ಳನೆಯ ಚೀಲ ಒಂದಿದೆ. ಅದರ ಮುಂಭಾಗದಲ್ಲಿ ದುಂಡಗೆ ಬಾಯಿ ಬಿಡಿಸಿ, ಒಳಗಿನ ಮಸೂರವನ್ನು ಪುಡಿಮಾಡಿ ಹೀರಿ, ಖಾಲಿ ಚೀಲದೊಳಗೆ ಮಡಚಿದ ಲೆನ್ಸನ್ನು ತೂರಿಸುತ್ತೇವೆ. ಅದು ಒಳಗೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಹೊಲಿಗೆ ಇಲ್ಲ. ಎಲ್ಲ ಸರಿಯಿದ್ದರೆ ಇಪ್ಪತ್ತು ನಿಮಿಷದ ಕೆಲಸ. ಪೊರೆಗೆ ಮಾಡುವುದೂ ಇದೇ, ಸಮೀಪದೃಷ್ಟಿಗೆಂದು ಮಾಡುವುದೂ ಇದೇ. ಒಳಗಿದ್ದ ಮಸೂರ ಮಂಜಾಗಿತ್ತೋ ತಿಳಿಯಾಗಿತ್ತೋ ಎಂಬುದಷ್ಟೇ ವ್ಯತ್ಯಾಸ.

ಇದಕ್ಕಿಂತ ಮುಖ್ಯವಾದ ಕೆಲಸ ಮುಂಚಿನ ದಿನಗಳ ಅಳತೆ. ಕಣ್ಣಿನ ಉದ್ದ, ಕಾರ್ನಿಯಾದ ಬಾಗು ಎರಡನ್ನೂ ಅಳೆದು ಎಷ್ಟು ಶಕ್ತಿಯ ಲೆನ್ಸ್ ಇಡಬೇಕೆಂದು ಲೆಕ್ಕ ಹಾಕಬೇಕು. ಸಾಮಾನ್ಯ ಕಣ್ಣಿಗೆ ಇಪ್ಪತ್ತು ಇಪ್ಪತ್ತೊಂದರ ಲೆನ್ಸ್ ಬರುತ್ತದೆ. ಉದ್ದ ಕಣ್ಣಿಗೆ ಐದು, ಆರು; ಕೆಲವರಿಗೆ ಸೊನ್ನೆ, ಸೊನ್ನೆಗೂ ಕೆಳಗೆ. ಸೊನ್ನೆ ಬಂದರೂ ಚೀಲವನ್ನು ಖಾಲಿ ಬಿಡುವುದಿಲ್ಲ, ಲೆನ್ಸ್ ಇಡುತ್ತೇವೆ. ಕಣ್ಣಿನ ಹಿಂಭಾಗದ ಲೋಳೆ ಮುಂದಕ್ಕೆ ನುಗ್ಗದಂತೆ ಅದು ತಡೆಯಾಗಿ ನಿಲ್ಲುತ್ತದೆ. ಬಹಳ ಉದ್ದದ ಕಣ್ಣುಗಳಲ್ಲಿ ಹಿಂಭಾಗ ಒಂದು ಕಡೆ ಉಬ್ಬಿರುವುದೂ ಉಂಟು. ಆಗ ಅಳತೆ ತಪ್ಪುವ ಸಂಭವ ಹೆಚ್ಚು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆಗೆ ಬರುವ ಮುಂಚೆ ವೈದ್ಯರು ಹೇಳಿದಷ್ಟು ದಿನ ಅದನ್ನು ತೆಗೆದಿಡಲೇಬೇಕು. ಅದು ಕಾರ್ನಿಯಾದ ಆಕಾರವನ್ನು ತಾತ್ಕಾಲಿಕವಾಗಿ ಬದಲಿಸಿರುತ್ತದೆ. "ಒಂದು ದಿನ ಹಾಕಿದರೆ ಏನಾಗ್ತದೆ" ಎಂದುಕೊಂಡು, ಹಾಕಿಲ್ಲವೆಂದು ಸುಳ್ಳು ಹೇಳಿ ಅಳತೆಗೆ ಕೂತರೆ ನಷ್ಟ ನಿಮಗೇ.

ಇನ್ನೊಂದು ವಿಷಯವನ್ನು ಅನೇಕರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಎರಡೂ ಕಣ್ಣನ್ನು ಸಾಮಾನ್ಯವಾಗಿ ಒಂದೇ ದಿನ ಮಾಡುವುದಿಲ್ಲ. ಒಂದು ಕಣ್ಣು ಮೈನಸ್ ಹತ್ತರಿಂದ ಸೊನ್ನೆಗೆ ಬಂತು, ಇನ್ನೊಂದು ಮೈನಸ್ ಹತ್ತರಲ್ಲೇ ಇದೆ ಎಂದರೆ ಹಳೆಯ ಕನ್ನಡಕ ಹಾಕಲಾಗದು, ಬಿಡಲೂ ಆಗದು. ಎರಡು ಕಣ್ಣಿನ ಚಿತ್ರಗಳು ಬೇರೆ ಬೇರೆ ಗಾತ್ರದವು, ತಲೆ ತಿರುಗುತ್ತದೆ. ಎರಡನೆಯ ಕಣ್ಣು ಆಗುವ ತನಕ ಅದಕ್ಕೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವುದು ಒಂದು ದಾರಿ. ಆ ದಿನಗಳಲ್ಲಿ ಬೈಕು ಬಿಡುವುದು ಬೇಡ. ಎರಡನೆಯ ಕಣ್ಣು ಯಾವಾಗ ಎಂದು ಮೊದಲನೆಯದಕ್ಕೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ಈಗ ಸಮೀಪದೃಷ್ಟಿಯವರಿಗೇ ಇರುವ ಒಂದು ಸಂಪತ್ತಿನ ಮಾತು. ಮೈನಸ್ ಐದು ಇದ್ದವರು ಕನ್ನಡಕ ತೆಗೆದರೆ ಇಪ್ಪತ್ತು ಸೆಂಟಿಮೀಟರ್ ದೂರದ ಸಣ್ಣ ಅಕ್ಷರ ಸ್ಪಷ್ಟ. ಮೈನಸ್ ಹತ್ತು ಇದ್ದವರಿಗೆ ಹತ್ತು ಸೆಂಟಿಮೀಟರಿನದು. ಐವತ್ತು ವರ್ಷ ದಾಟಿದ ಮೇಲೆ ಉಳಿದವರೆಲ್ಲ ಓದುವ ಕನ್ನಡಕ ಹುಡುಕುವಾಗ ಇವರು ಕನ್ನಡಕವನ್ನು ಹಣೆಗೇರಿಸಿ ಸೂಜಿಗೆ ದಾರ ಪೋಣಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ಖರ್ಚು ನಡೆದದ್ದು ಇಂಥ ಹತ್ತಿರದ ಕೆಲಸದಿಂದ: ಮೊರದಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು, ಕಾಪು ಹತ್ತಿರದ ಶಂಕರಪುರದ ಕಡೆ ಬೆಳಗಾಗುವ ಮುಂಚೆ ಮಲ್ಲಿಗೆ ಮೊಗ್ಗು ಕೊಯ್ದು ಚೆಂಡು ಕಟ್ಟುವವರು, ಉಡುಪಿ ಕಾರ್ಕಳದ ಚಿನ್ನದ ಕೆಲಸದವರು. ಕಣ್ಣಿನ ಒಳಗೆ ದೂರಕ್ಕೆ ಹೊಂದಿಸಿದ ಸಾಮಾನ್ಯ ಲೆನ್ಸ್ ಇಟ್ಟರೆ ಈ ಹತ್ತಿರದ ದೃಷ್ಟಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಬಸ್ಸಿನ ಬೋರ್ಡು ಕಾಣುತ್ತದೆ, ಕೈಯಲ್ಲಿರುವ ಮೊಗ್ಗು ಮಸುಕಾಗುತ್ತದೆ. ಅದಕ್ಕೆ ಹೊಸದಾಗಿ ಪ್ಲಸ್ ಕನ್ನಡಕ ಬೇಕು.

ಇದನ್ನು ಮುಂಚೆ ಹೇಳದೆ ಆಪರೇಷನ್ ಮಾಡಿದರೆ ರೋಗಿ ನ್ಯಾಯವಾಗಿಯೇ ಕೋಪಿಸಿಕೊಳ್ಳುತ್ತಾರೆ. ಉಪಾಯ ಇಲ್ಲದಿಲ್ಲ. ಲೆನ್ಸಿನ ಶಕ್ತಿಯನ್ನು ಬೇಕೆಂದೇ ಸ್ವಲ್ಪ ಹೆಚ್ಚು ಮಾಡಿ ಮೈನಸ್ ಎರಡೂವರೆಯಷ್ಟು ಉಳಿಸಿದರೆ ನಲವತ್ತು ಸೆಂಟಿಮೀಟರಿನಲ್ಲಿ, ಅಂದರೆ ಮಡಿಲಿನ ಕೆಲಸದ ದೂರದಲ್ಲಿ, ಕನ್ನಡಕವಿಲ್ಲದೆ ಕಾಣುತ್ತದೆ. ದೂರಕ್ಕೆ ತೆಳುವಾದ ಕನ್ನಡಕ ಸಾಕು. ಮೈನಸ್ ಹನ್ನೆರಡರ ಗಾಜು ಹೊತ್ತವರಿಗೆ ಎರಡೂವರೆ ಏನೇನೂ ಅಲ್ಲ. ಹಾಗಾಗಿ ನೀವು ದಿನವಿಡೀ ಕೈಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಯಾವ ಕಂಪನಿಯ ಲೆನ್ಸ್ ಎಂಬ ವಿಚಾರಕ್ಕಿಂತ ಆ ಮಾತು ಮುಖ್ಯ.

ದೂರ, ಹತ್ತಿರ ಎರಡನ್ನೂ ತೋರಿಸುವ ಮಲ್ಟಿಫೋಕಲ್ ಲೆನ್ಸ್ ಈಗ ಸಿಗುತ್ತದೆ, ಬೆಲೆಯೂ ಹೆಚ್ಚು. ಅದು ಬರುವ ಬೆಳಕನ್ನು ಪಾಲು ಮಾಡುತ್ತದೆ. ಹೀಗಾಗಿ ಕೆಲವರಿಗೆ ರಾತ್ರಿ ದೀಪಗಳ ಸುತ್ತ ಉಂಗುರ ಕಾಣುತ್ತದೆ, ಮಬ್ಬು ಬೆಳಕಿನಲ್ಲಿ ಸ್ಪಷ್ಟತೆ ಕುಗ್ಗುತ್ತದೆ. ಮನೆಯೊಳಗೆ ಓದಿ ಬರೆದು ಇರುವವರಿಗೆ ಅದು ಸಹ್ಯವಾಗಬಹುದು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರಾತ್ರಿ ಬಸ್ಸು ಓಡಿಸುವವರಿಗೆ, ಮಲ್ಪೆಯಿಂದ ಕತ್ತಲಲ್ಲಿ ಬೋಟು ಬಿಟ್ಟು 1901ರಿಂದ ಉರಿಯುತ್ತಿರುವ ಕಾಪುವಿನ ದೀಪಸ್ತಂಭದ ಮಿಂಚನ್ನು ಗುರುತಿಸಿ ದಿಕ್ಕು ಹಿಡಿಯುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಅಕ್ಷಿಪಟಲದ ನಡುಭಾಗ ಈಗಾಗಲೇ ಸವೆದಿರುವ ತೀವ್ರ ಸಮೀಪದೃಷ್ಟಿಯವರಿಗೂ ಅದು ಬೇಡ.

ಇನ್ನು ಅಪಾಯದ ಮಾತಿಗೆ ಬರುತ್ತೇನೆ. ಲೆನ್ಸ್ ಬದಲಾಯಿಸಿದರೆ ನಂಬರ್ ಹೋಗುತ್ತದೆ. ಕಣ್ಣಿನ ಉದ್ದ ಹೋಗುವುದಿಲ್ಲ. ಅಳತೆಗೆ ದೊಡ್ಡದಾದ ಮಂಚಕ್ಕೆ ಎಳೆದು ಹಾಸಿದ ಹೊದಿಕೆ ಅಂಚಿನಲ್ಲಿ ತೆಳ್ಳಗಾಗುವಂತೆ ಉದ್ದ ಕಣ್ಣಿನ ಅಕ್ಷಿಪಟಲ ಅಂಚಿನಲ್ಲಿ ತೆಳ್ಳಗಾಗಿರುತ್ತದೆ, ಅಲ್ಲಲ್ಲಿ ತೂತು ಬೀಳಬಹುದು. ಕಣ್ಣಿನ ಒಳಗೆ ತುಂಬಿರುವ ಲೋಳೆಯಂಥ ವಸ್ತು ಅಕ್ಷಿಪಟಲಕ್ಕೆ ಅಂಟಿಕೊಂಡಿದೆ. ವಯಸ್ಸಾದಂತೆ ಅದು ತಾನಾಗಿ ನಿಧಾನಕ್ಕೆ ಬಿಟ್ಟುಕೊಳ್ಳುತ್ತದೆ. ಅರವತ್ತು ದಾಟಿದ ತಾಯಿಯಲ್ಲಿ ಬಹುಮಟ್ಟಿಗೆ ಅದು ಆಗಿಹೋಗಿರುತ್ತದೆ. ಇಪ್ಪತ್ತಾರರ ಮಗಳಲ್ಲಿ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿದೆ. ಅವಳ ಮಸೂರ ತೆಗೆದರೆ ಒಳಗಿನ ಜಾಗ ಬದಲಾಗಿ ಆ ಲೋಳೆ ಹಠಾತ್ತಾಗಿ ಸರಿಯುತ್ತದೆ, ಸರಿಯುವಾಗ ತೆಳ್ಳನೆಯ ಅಕ್ಷಿಪಟಲವನ್ನು ಎಳೆದು ಹರಿಯಬಹುದು. ಫ್ರಾನ್ಸಿನ ವೈದ್ಯರು ಮೈನಸ್ ಹನ್ನೆರಡಕ್ಕೆ ಮೇಲ್ಪಟ್ಟವರ 49 ಕಣ್ಣುಗಳಿಂದ ತಿಳಿಯಾದ ಮಸೂರ ತೆಗೆದು ಏಳು ವರ್ಷ ಹಿಂಬಾಲಿಸಿ ನೋಡಿ 1999ರಲ್ಲಿ ವರದಿ ಮಾಡಿದರು: ನಾಲ್ಕು ಕಣ್ಣುಗಳಲ್ಲಿ ಅಕ್ಷಿಪಟಲ ಕಳಚಿತ್ತು. ನಾಲ್ಕು ವರ್ಷದ ಹೊತ್ತಿಗೆ ನೋಡಿದ್ದಾಗ ಇಷ್ಟು ಇರಲಿಲ್ಲ. ವರ್ಷ ಕಳೆದಂತೆ ಏರಿತ್ತು. ಅಂದಿಗಿಂತ ಇಂದಿನ ಸೀಳು ಸಣ್ಣದು, ಕೈಚಳಕವೂ ಹೆಚ್ಚಿದೆ. ಆದರೂ ವಯಸ್ಸು ಕಡಿಮೆಯಿದ್ದಷ್ಟು, ಕಣ್ಣು ಉದ್ದವಿದ್ದಷ್ಟು ಈ ಅಪಾಯ ಹೆಚ್ಚು ಎಂಬುದು ಬದಲಾಗಿಲ್ಲ. ಕನ್ನಡಕ ಹಾಕಿ ಚೆನ್ನಾಗಿ ಕಾಣುತ್ತಿರುವ ಹುಡುಗಿಯ ಕಣ್ಣನ್ನು ಇಂಥ ಪಂಥಕ್ಕೆ ಒಡ್ಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅವಳು ಕಳೆದುಕೊಳ್ಳುವುದು ಇನ್ನೂ ಒಂದಿದೆ. ನಲವತ್ತರ ತನಕ ಕಣ್ಣಿನ ಸ್ವಂತ ಮಸೂರ ದಪ್ಪಗಾಗಿ ತೆಳ್ಳಗಾಗಿ ದೂರದಿಂದ ಹತ್ತಿರಕ್ಕೆ ಕ್ಷಣದಲ್ಲಿ ಹೊಂದಿಕೊಳ್ಳುತ್ತದೆ. ಕೃತಕ ಲೆನ್ಸಿಗೆ ಆ ಶಕ್ತಿ ಇಲ್ಲ. ಇಪ್ಪತ್ತಾರರಲ್ಲೇ ಕಣ್ಣಿಗೆ ಮುಪ್ಪು ತಂದುಕೊಂಡ ಹಾಗೆ.

ಹಾಗಾದರೆ ಅವಳಿಗೆ ದಾರಿ ಇಲ್ಲವೇ? ಇದೆ. ಸ್ವಂತ ಮಸೂರವನ್ನು ಹಾಗೆಯೇ ಬಿಟ್ಟು, ಅದರ ಮುಂದೆ, ಪಾಪೆಯ ಹಿಂದೆ, ಇನ್ನೊಂದು ತೆಳುವಾದ ಲೆನ್ಸನ್ನು ಇಡುವ ವಿಧಾನವಿದೆ. ಐಸಿಎಲ್ ಎಂದು ಜನ ಕರೆಯುವುದು ಇದನ್ನೇ. ಇಪ್ಪತ್ತೊಂದು ತುಂಬಿ ನಂಬರ್ ಒಂದು ವರ್ಷವಾದರೂ ಏರದೆ ನಿಂತಿರಬೇಕು, ಕಾರ್ನಿಯಾದ ಹಿಂದಿರುವ ಮುಂಕೋಣೆಯಲ್ಲಿ ಸಾಕಷ್ಟು ಆಳ ಇರಬೇಕು, ಕಾರ್ನಿಯಾದ ಒಳಪದರದ ಜೀವಕೋಶಗಳು ಆರೋಗ್ಯವಾಗಿರಬೇಕು. ಬೇಡವೆಂದಾದರೆ ಅದನ್ನು ಹೊರಗೆ ತೆಗೆಯಬಹುದು ಎಂಬುದು ಇದರ ದೊಡ್ಡ ಗುಣ. ಪೊರೆ ಬೇಗ ಬರುವ, ಕಣ್ಣಿನ ಒತ್ತಡ ಏರುವ ಸಂಭವ ಇದಕ್ಕೂ ಇದೆ. ವರ್ಷ ವರ್ಷ ತೋರಿಸುತ್ತಿರಬೇಕು. ನಂಬರ್ ಕಡಿಮೆಯಿದ್ದು ಕಾರ್ನಿಯಾ ದಪ್ಪವಿದ್ದರೆ ಲೇಸರ್ ಆದೀತು. ಯಾವುದೂ ಹೊಂದದಿದ್ದರೆ ಕನ್ನಡಕದಲ್ಲೇ ಇರುವುದು ಸೋಲಲ್ಲ. ಮದುವೆ ಮಾತುಕತೆಗೆ ಮುಂಚೆ ಹುಡುಗಿಯ ಕನ್ನಡಕ ತೆಗೆಸಬೇಕು ಎಂದು ಓಡಿಬರುವ ಅಪ್ಪ ಅಮ್ಮಂದಿರಿಗೆ ನಾನು ಕೈಮುಗಿದು ಹೇಳುತ್ತೇನೆ: ಕಣ್ಣು ಅವಳದು, ತೀರ್ಮಾನವೂ ಅವಳದೇ ಆಗಲಿ.

ಯಾರಿಗೆ ಮಸೂರ ಬದಲಾವಣೆ ಒಳ್ಳೆಯದು? ಪೊರೆ ಶುರುವಾದವರಿಗೆ, ಸಂಶಯವಿಲ್ಲದೆ. ತೀವ್ರ ಸಮೀಪದೃಷ್ಟಿಯವರಿಗೆ ಪೊರೆ ಸ್ವಲ್ಪ ಬೇಗ ಬರುತ್ತದೆ. ನಲವತ್ತೈದು ಐವತ್ತರ ಮೇಲೆ ನಿಂತಿದ್ದ ನಂಬರ್ ಮತ್ತೆ ಏರತೊಡಗಿದರೆ, ಆರು ತಿಂಗಳಿಗೊಮ್ಮೆ ಕನ್ನಡಕ ಬದಲಿಸಬೇಕಾದರೆ, ಅಂಗಡಿಯಲ್ಲಿ ಹೊಸ ಗಾಜು ಹಾಕಿಸುವ ಮುಂಚೆ ಕಣ್ಣಿನ ವೈದ್ಯರಿಗೆ ತೋರಿಸಿ. ಅದು ಮಸೂರದ ನಡುಭಾಗ ಗಟ್ಟಿಯಾಗಿ ಪೊರೆ ಬರುತ್ತಿರುವ ಗುರುತು ಇರಬಹುದು. ನಂಬರ್ ತೀರಾ ಹೆಚ್ಚಿದ್ದು, ಐವತ್ತು ದಾಟಿ, ಹಿಂದಿನ ಲೋಳೆ ತಾನಾಗಿ ಬಿಟ್ಟುಕೊಂಡು, ಅಕ್ಷಿಪಟಲವನ್ನು ಪರೀಕ್ಷಿಸಿ ಗಟ್ಟಿ ಎಂದು ಕಂಡವರಿಗೆ ಪೊರೆ ಪೂರ್ತಿ ಬರುವ ತನಕ ಕಾಯಬೇಕೆಂದಿಲ್ಲ.

ಖರ್ಚಿನ ವಿಷಯ ಚುಟುಕಾಗಿ. ಪೊರೆಯ ಆಪರೇಷನ್ನಿಗೆ ವಿಮೆ ಸಾಮಾನ್ಯವಾಗಿ ಅನ್ವಯವಾಗುತ್ತದೆ. ಬರೀ ನಂಬರ್ ತೆಗೆಸುವುದಕ್ಕಾದರೆ, 7.5ಕ್ಕಿಂತ ಕಡಿಮೆ ನಂಬರಿನ ಚಿಕಿತ್ಸೆಯನ್ನು ಆರೋಗ್ಯ ವಿಮೆಯಿಂದ ಹೊರಗಿಡಲು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ ಅವಕಾಶ ಕೊಟ್ಟಿದೆ. ಅದಕ್ಕೆ ಮೇಲ್ಪಟ್ಟವರು ತಮ್ಮ ಪಾಲಿಸಿಯ ಷರತ್ತನ್ನು ಮುಂಚೆಯೇ ಓದಿ, ಒಪ್ಪಿಗೆ ಪಡೆದು ಮುಂದುವರಿಯಲಿ.

ಕೊನೆಯದಾಗಿ ನನ್ನ ಬೇಡಿಕೆ. ಮೈನಸ್ ಆರು ಅಥವಾ ಅದಕ್ಕಿಂತ ಹೆಚ್ಚು ನಂಬರ್ ಇರುವ ಎಲ್ಲರೂ, ಆಪರೇಷನ್ ಆಗಿರಲಿ ಆಗದಿರಲಿ, ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಮದ್ದು ಬಿಡಿಸಿಕೊಂಡು ಅಕ್ಷಿಪಟಲದ ಅಂಚಿನ ತನಕ ಪರೀಕ್ಷೆ ಮಾಡಿಸಿಕೊಳ್ಳಿ. ಆ ದಿನ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ತೂತು ಮುಂಚೆಯೇ ಸಿಕ್ಕಿದರೆ ಅದರ ಸುತ್ತ ಲೇಸರ್ ಹಾಕಿ ಅಂದೇ ಮನೆಗೆ ಕಳುಹಿಸುತ್ತಾರೆ. ಲೆನ್ಸ್ ಹಾಕಿಸಿಕೊಂಡು "ಈಗ ನನಗೆ ನಂಬರ್ ಇಲ್ಲ" ಎಂದು ಪರೀಕ್ಷೆ ಬಿಟ್ಟವರೇ ತಡವಾಗಿ ಬರುವುದನ್ನು ಕಂಡಿದ್ದೇನೆ. ಕಣ್ಣಿನೊಳಗೆ ಮಿಂಚು ಹೊಡೆದಂತಾದರೆ, ಇದ್ದಕ್ಕಿದ್ದಂತೆ ಮಸಿ ಉದುರಿದ ಹಾಗೆ ಕಪ್ಪು ಚುಕ್ಕೆಗಳು ತೇಲಿದರೆ, ಒಂದು ಬದಿಯಿಂದ ಪರದೆ ಇಳಿದಂತೆ ಕಂಡರೆ, ನೋವಿಲ್ಲ ಎಂದು ನಾಳೆಗೆ ತಳ್ಳಬೇಡಿ. ಅಕ್ಷಿಪಟಲ ಕಳಚುವಾಗ ನೋವಾಗುವುದಿಲ್ಲ. ಕಲ್ಯಾಣಪುರದಿಂದ ಮಣಿಪಾಲದ ಆಸ್ಪತ್ರೆಗೆ ಹತ್ತು ಕಿಲೋಮೀಟರೂ ಇಲ್ಲ. ಅದೇ ದಿನ ಹೊರಡಿ.